ಅಲ್ಲಾಡುವ ಮನೆಗೊಂದು ಕೊಂಡಿ

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ ನಾವು ಮಸ್ಕತ್ತಿನ ರೂವಿಯಲ್ಲಿದ್ದೆವು. ನಾನು ನೀರಿನ ಪಂಪು ತರಿಸಿ ಮಾರುವ ಕಂಪನಿಯೊಂದರಲ್ಲಿ ಗುಮಾಸ್ತ. ನಮ್ಮ ಎದುರು ಬಾಗಿಲಿನ ಮನೆಯವರು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಗಂಡ ಒಂದು ಹಡಗು ಏಜೆನ್ಸಿಯಲ್ಲಿ ಅಕೌಂಟೆಂಟ್, ಹೆಂಡತಿ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಕಟ್ಟಡದವರೆಲ್ಲ ಅವರನ್ನು ಅಕೌಂಟೆಂಟರು, ಟೀಚರು ಎಂದೇ ಕರೆಯುತ್ತಿದ್ದುದರಿಂದ ನನಗೂ ಅದೇ ರೂಢಿಯಾಗಿತ್ತು. ನಾವು ಉಡುಪಿ ಕಡೆಯವರು. ಅವರ ಮನೆಯೊಳಗೆ ಕೊಂಕಣಿ, ನಮ್ಮ ಮನೆಯೊಳಗೆ ತುಳು, ನಡುವಿನ ಕಾರಿಡಾರಿನಲ್ಲಿ ಕನ್ನಡ. ಎರಡೂ ಮನೆಯ ಮಕ್ಕಳು ಈ ಮೂರಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು.

ಅಕೌಂಟೆಂಟರ ತಮ್ಮ ಕುವೈತಿನಲ್ಲಿದ್ದ. ಸಾವಿರಾರು ಜನರ ಹಾಗೆ ಅವನೂ ಒಂದು ಚೀಲ ಹಿಡಿದು ಬಸ್ಸು, ಲಾರಿ ಎಂದು ಸಿಕ್ಕಿದ್ದನ್ನು ಹತ್ತಿ, ಜೋರ್ಡಾನಿನ ಮರಳುಗಾಡಿನ ಶಿಬಿರವೊಂದರಲ್ಲಿ ಬಿದ್ದಿದ್ದು, ಕೊನೆಗೆ ವಿಮಾನ ಸಿಕ್ಕಿ ಊರು ಸೇರಿದ. ಮಂಗಳೂರಿನಿಂದ ಫೋನಿನಲ್ಲಿ ಮಾತಾಡಿದವನು ಅನ್ನ ನೀರಿನ ಸುದ್ದಿ ಹೆಚ್ಚು ಎತ್ತಲಿಲ್ಲವಂತೆ. ಅವು ಹೇಗೋ ಸಿಗುತ್ತಿದ್ದವು, ನೆರಳು ಮಾತ್ರ ಸಿಗಲಿಲ್ಲ ಎಂದನಂತೆ.

ಇಲ್ಲಿಗೂ ಯುದ್ಧ ಬಂದರೆ ಏನು ಮಾಡುವುದು ಎಂಬ ಪ್ರಶ್ನೆ ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಸಂಜೆಯ ಚಹಾದ ಜೊತೆ ಬರುತ್ತಿತ್ತು. ಪಾಸ್‌ಪೋರ್ಟು ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಪಾಟಿನಲ್ಲಿದೆ, ಹಾಗಾಗಿ ನಾವು ಯೋಚಿಸಿ ಪ್ರಯೋಜನವಿಲ್ಲ ಎಂದು ಹೆಚ್ಚಿನವರು ಚಹಾ ಮುಗಿಸುತ್ತಿದ್ದರು. ಅಕೌಂಟೆಂಟರು ಮಾತ್ರ ನೆರಳಿನ ಬಗ್ಗೆ ಯೋಚಿಸುತ್ತಾ ಕುಳಿತರು. ಯೋಚಿಸಿ ಅವರು ಕಂಡುಕೊಂಡ ಪರಿಹಾರ ಒಂದು ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆ.

ಅವರ ಏಜೆನ್ಸಿಯಲ್ಲಿದ್ದ ಒಬ್ಬ ಇಂಗ್ಲಿಷ್ ಸಾಹೇಬ ನಿವೃತ್ತನಾಗಿ ಊರಿಗೆ ಹೊರಟಿದ್ದ. ಅವನ ಕುರುಮ್ ಬಂಗಲೆಯ ಹಿತ್ತಿಲಲ್ಲಿ ಬಿಳಿ ಬಣ್ಣದ, ಹೊಟ್ಟೆಗೆ ಕಂದು ಪಟ್ಟಿ ಎಳೆದ ಕ್ಯಾರವಾನೊಂದು ನಿಂತಿತ್ತು. ಒಳಗೆ ಮಡಚುವ ಮಂಚಗಳು, ಗ್ಯಾಸ್ ಒಲೆ, ಅಂಗೈಯಷ್ಟು ಸಿಂಕು, ಹೂವಿನ ಪರದೆಗಳು. ಹೊರಗಿನ ಲೋಕದಲ್ಲಿ ಏನೇ ಆದರೂ ಒಳಗೆ ಚಹಾ ಆಗುತ್ತದೆ ಎಂಬ ಧೈರ್ಯ ಕೊಡುವಂತಿತ್ತು. ನೋಡಲು ಹೋದ ದಿನ, ಎಳೆದುಕೊಂಡು ಹೋಗುವಾಗ ಹೇಗೆ ಎಂದು ನಾನು ಕೇಳಿದೆ. ಸಾಹೇಬ ಪೈಪು ಬಾಯಿಂದ ತೆಗೆದು, ಸ್ವಲ್ಪ ಲವಲವಿಕೆಯ ಸ್ವಭಾವದ್ದು ಎಂದ. ನಾವು ಅದನ್ನು ಹೊಗಳಿಕೆ ಎಂದು ತಿಳಿದುಕೊಂಡೆವು.

ಎಳೆಯುವ ಗಾಡಿ ನನ್ನದು, ಎಂಟು ಸೀಟಿನ ಹಳೆಯ ಜಪಾನಿ ಜೀಪು. ಆದ್ದರಿಂದಲೇ ನಾನು ಈ ವ್ಯವಹಾರದಲ್ಲಿ ಅರ್ಧ ಪಾಲುದಾರನಾದದ್ದು. ಕ್ಯಾರವಾನಿನ ಮುಲ್ಕಿಯಾ, ಅಂದರೆ ಗಾಡಿಯ ರಿಜಿಸ್ಟ್ರಿ ಕಾರ್ಡು, ಅಕೌಂಟೆಂಟರ ಹೆಸರಿಗಾಯಿತು. ನಮ್ಮ ಮೂಲ್ಕಿಯಲ್ಲಿ ಒಂದು ಸೆಂಟ್ಸ್ ಜಾಗ ಮಾಡಲಾಗದಿದ್ದರೂ ಇಲ್ಲೊಂದು ಮುಲ್ಕಿಯಾ ಆಯಿತಲ್ಲ ಎಂದು ಅವರು ಆ ಕಾರ್ಡನ್ನು ಸಿಕ್ಕಿದವರಿಗೆಲ್ಲ ತೋರಿಸಿದರು. ಕಟ್ಟಡದ ಹಿಂದಿನ ಬಯಲಿನಲ್ಲಿ ಅದನ್ನು ತಂದು ನಿಲ್ಲಿಸಿದಾಗ ಮೇಲಿನ ಮಹಡಿಯ ಕುಂದಾಪುರದವರು ಬಾಲ್ಕನಿಯಿಂದ ಬಗ್ಗಿ ನೋಡಿ ಕೋಳಿಗೂಡು ಎಂದು ನಾಮಕರಣ ಮಾಡಿದರು. ನನ್ನ ಹೆಂಡತಿ ಒಳಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ ಹೊರಗೆ ಬಂದಳು. ಅವಳು ಏನೂ ಹೇಳದಿದ್ದರೆ ಹೇಳಲು ಬಹಳ ಇದೆ ಎಂದು ಅರ್ಥ.

ಆದರೂ ಯುದ್ಧಕ್ಕೆ ಸಾಮಾನು ತುಂಬುವ ಕೆಲಸದಲ್ಲಿ ಹೆಂಗಸರಿಬ್ಬರೂ ಹಿಂದೆ ಬೀಳಲಿಲ್ಲ. ಕುಚ್ಚಲಕ್ಕಿಯ ಮೂಟೆ, ತೆಂಗಿನೆಣ್ಣೆಯ ಡಬ್ಬಗಳು, ಉಪ್ಪಿನಕಾಯಿಯ ಭರಣಿ, ನೀರಿನ ಕ್ಯಾನುಗಳು, ಇನ್ನೊಂದು ಗ್ಯಾಸ್ ಸಿಲಿಂಡರು ಎಲ್ಲ ಬಂದವು. ಬಾಂಬು ಬೀಳುವಾಗ ದೋಸೆಗೆ ಅರೆಯಲು ಕರೆಂಟು ಎಲ್ಲಿಂದ ಎಂದು ನಾನು ಕೇಳಿದ್ದಕ್ಕೆ ಗ್ರೈಂಡರು ಬೇಡವೆಂದಾಯಿತು. ಅದರ ಬದಲು ಊರಿಂದ ತಂದಿದ್ದ ಕಲ್ಲೇ ಬಂತು. ಕ್ಯಾರವಾನಿನ ತೀರ ಹಿಂಬದಿಯಲ್ಲಿ ಮಂಚದ ಕೆಳಗೆ ಒಂದು ದೊಡ್ಡ ಪೆಟ್ಟಿಗೆಯಿತ್ತು. ಇಷ್ಟು ದೊಡ್ಡ ಪೆಟ್ಟಿಗೆ ಮಾಡಿಟ್ಟದ್ದು ತುಂಬುವುದಕ್ಕಲ್ಲದೆ ಮತ್ತೇತಕ್ಕೆ ಎಂದು ಎಲ್ಲವನ್ನೂ ಅದರೊಳಗೆ ಇಳಿಸಿದೆವು. ದೇವರ ಪಟಗಳನ್ನು ಮಾತ್ರ ಮುಂದೆ ಇಟ್ಟೆವು, ಅವರದ್ದು ಎಡಕ್ಕೆ, ನಮ್ಮದು ಬಲಕ್ಕೆ.

ಒಂದು ಶುಕ್ರವಾರ ತಾಲೀಮಿಗೆಂದು ಸೊಹಾರಿನ ಕಡೆ ಹೊರಟೆವು. ಆಗ ಸೊಹಾರಿನಲ್ಲಿ ಈಗಿನ ಕಾರ್ಖಾನೆಗಳು ಇರಲಿಲ್ಲ. ಕಡಲು, ಖರ್ಜೂರದ ತೋಟ, ಲಿಂಬೆ, ಅಷ್ಟೇ. ಹೋಗಿ ಕಡಲ ತಡಿಯಲ್ಲಿ ಊಟ ಮಾಡಿ ಬರುವುದು ಎಂದು ಮಾತಾಗಿತ್ತು. ಹೊರಡುವಾಗಲೇ ಜೀಪಿನ ಹಿಂಭಾಗವನ್ನು ಯಾರೋ ಸೊಂಟ ಹಿಡಿದು ಎತ್ತಿದ ಹಾಗೆ ಕಾಣುತ್ತಿತ್ತು. ಅದು ಹಗುರಾದ ಲಕ್ಷಣ, ಪೆಟ್ರೋಲು ಉಳಿಯುತ್ತದೆ ಎಂದು ಅಕೌಂಟೆಂಟರು ವಿವರಿಸಿದರು.

ಸೀಬ್ ದಾಟುವವರೆಗೆ ಎಲ್ಲವೂ ಸರಿಯಿತ್ತು. ಬರ್ಕಾದ ಹತ್ತಿರ ರಸ್ತೆ ನೇರವಾಯಿತು, ನನಗೂ ಧೈರ್ಯ ಬಂತು, ಕಾಲು ಸ್ವಲ್ಪ ಒತ್ತಿದೆ. ಅಷ್ಟರಲ್ಲಿ ಒಂದು ದೊಡ್ಡ ಟ್ರಕ್ಕು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಗಾಳಿ ಬಡಿದದ್ದೇ ಕ್ಯಾರವಾನ್ ಎಡಕ್ಕೊಮ್ಮೆ ಹೊರಳಿತು. ಆಮೇಲೆ ಬಲಕ್ಕೆ. ಆಮೇಲೆ ಇನ್ನೂ ಜೋರಾಗಿ ಎಡಕ್ಕೆ. ಕನ್ನಡಿಯಲ್ಲಿ ಅದರ ಎರಡೂ ಬದಿಯ ಕಿಟಕಿಗಳು ಸರದಿಯಂತೆ ಕಾಣಿಸಿಕೊಳ್ಳತೊಡಗಿದವು. ನಾನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಜೀಪು ಯೋಚಿಸಿ ಬಲಕ್ಕೆ ಹೋಗುತ್ತಿತ್ತು. ಎಳೆಯುವವರು ನಾವೋ ಅದೋ ಎಂಬುದೇ ಗೊತ್ತಾಗದಂತಾಯಿತು. ಹಿಂದಿನ ಸೀಟಿನಿಂದ ಟೀಚರು ತರಗತಿಯ ಧ್ವನಿಯಲ್ಲಿ ಹೇಳಿದರು:

"ನಿಲ್ಲಿಸಿ. ಬ್ರೇಕ್ ಹಾಕಬೇಡಿ. ಆದರೆ ನಿಲ್ಲಿಸಿ."

ಕಾಲು ತೆಗೆದು, ಸ್ಟಿಯರಿಂಗ್ ಹಿಡಿದು ಕೂತೆ. ಅದು ತಾನಾಗಿಯೇ ಸುಸ್ತಾಗಿ ರಸ್ತೆಯ ಅಂಚಿಗೆ ಬಂದು ನಿಂತಿತು. ಮಕ್ಕಳಿಗೆ ಬಹಳ ಖುಷಿಯಾಗಿತ್ತು, ಇನ್ನೊಮ್ಮೆ ಮಾಡಲು ಹೇಳಿದರು. ನನ್ನ ಹೆಂಡತಿ ಇಳಿದು ಹೋಗಿ ಒಂದು ಜಾಲಿ ಮರದ ಕೆಳಗೆ ಸೀರೆ ಸೆರಗು ತಲೆಗೆ ಹಾಕಿಕೊಂಡು ಕುಳಿತಳು. ನಾನು ಹತ್ತಿರ ಹೋದೆ.

"ಯುದ್ಧ ಬಂದ್ರೆ ನಾನು ಮನೆಯಲ್ಲೇ ಇರ್ತೇನೆ," ಎಂದಳು. "ಬಾಂಬು ಬಿದ್ರೆ ಒಮ್ಮೆ ಬೀಳ್ತದೆ. ಇದು ಸೊಹಾರಿನವರೆಗೂ ಬೀಳ್ತಾನೇ ಇರ್ತದೆ."

ಆ ದಿನ ನಾವು ಸೊಹಾರ್ ನೋಡಲಿಲ್ಲ. ಸೈಕಲ್ಲಿನವರೂ ದಾಟಿ ಹೋಗುವಷ್ಟು ನಿಧಾನವಾಗಿ, ಹಿಂದೆ ಹಾರ್ನು ಹಾಕುವವರ ಮೆರವಣಿಗೆ ಕಟ್ಟಿಕೊಂಡು ವಾಪಸು ಬಂದೆವು. ಇನ್ನು ಇದರ ಹಿಂದೆ ಮುಂದೆ ಎಲ್ಲಿಯೂ ಕೂರುವುದಿಲ್ಲ, ಅಲ್ಲಾಡದ ಹಾಗೆ ಏನಾದರೂ ಮಾಡಿಸಿದ ಮೇಲೆಯೇ ಮಾತು ಎಂದು ಹೆಂಗಸರಿಬ್ಬರೂ ಕನ್ನಡ ಬಿಟ್ಟು, ಟೀಚರಿಗೂ ಬರುತ್ತಿದ್ದ ತುಳುವಿನಲ್ಲಿ ತೀರ್ಪು ಕೊಟ್ಟರು.

ಹಾಗೆ ಶುರುವಾಯಿತು ನಮ್ಮ ಕೊಂಡಿಯ ಹುಡುಕಾಟ. ಜೀಪಿಗೂ ಕ್ಯಾರವಾನಿಗೂ ನಡುವೆ ಇರುವ ಕೊಂಡಿಗೆ ಹಿಚ್ ಎನ್ನುತ್ತಾರೆ. ಹಿಂದಿನ ಗಾಡಿ ಬಾಲದಂತೆ ಬೀಸದ ಹಾಗೆ ಹಿಡಿದಿಡುವ ವಿಶೇಷ ಹಿಚ್ಚುಗಳು ಇವೆ ಎಂದು ರೂವಿಯ ಬಿಡಿಭಾಗದ ಅಂಗಡಿಯ ಗುಜರಾತಿ ಸೇಟರಿಂದ ತಿಳಿಯಿತು. ಆದರೆ ಅವರಲ್ಲಿ ಇರಲಿಲ್ಲ. ಈ ದೇಶದಲ್ಲಿ ಯಾರೂ ಮನೆಯನ್ನು ಎಳೆದುಕೊಂಡು ತಿರುಗುವುದಿಲ್ಲ ಎಂದು ಅವರು ಹಿಂದಿಯಲ್ಲಿ ಮರುಕದಿಂದ ಹೇಳಿ, ಎರಡು ಕ್ಯಾಟಲಾಗುಗಳನ್ನು ಧೂಳು ಕೊಡವಿ ಕೊಟ್ಟರು.

ಒಂದು ಇಂಗ್ಲೆಂಡಿನದು. ಜಿನುಗು ಮಳೆ, ಹಸುರು ಹುಲ್ಲು, ಟೈ ಕಟ್ಟಿದ ಗಂಡಸು. ಅವರ ಹಿಚ್ಚಿನಲ್ಲಿ ಒಂದು ಉದ್ದ ಉಕ್ಕಿನ ಪಟ್ಟಿ, ಅದರ ಬುಡದಲ್ಲಿ ಒಂದಕ್ಕೊಂದು ಒತ್ತಿ ಉಜ್ಜುವ ಬಿಲ್ಲೆಗಳು. ಬಿಗಿ ಮಾಡಿದಷ್ಟೂ ಹಿಂದಿನ ಗಾಡಿಗೆ ಅತ್ತಿತ್ತ ತಿರುಗಲು ಕಷ್ಟ. ಇನ್ನೊಂದು ಅಮೆರಿಕದ್ದು. ಕೆಂಪು ಬೆಟ್ಟ, ದೊಡ್ಡ ಟೊಪ್ಪಿಯ ಗಂಡಸು, ನಗುವ ಐದು ಮಕ್ಕಳು. ಅವರದ್ದರಲ್ಲಿ ಎರಡು ದಪ್ಪ ಕಂಬಿಗಳು, ಅವನ್ನು ಸರಪಳಿಯಿಂದ ಎಳೆದು ಕಟ್ಟಬೇಕು. ಕೊಂಡಿಯ ಮೇಲೆ ಬೀಳುವ ಭಾರವನ್ನು ಅವು ಜೀಪಿನ ಮುಂದಿನ ಚಕ್ರಗಳವರೆಗೂ ಹಂಚಿ, ಎರಡೂ ಗಾಡಿಗಳನ್ನು ಒಂದೇ ಬೆನ್ನುಮೂಳೆಯಂತೆ ಮಾಡುತ್ತವಂತೆ. ಎರಡು ಕ್ಯಾಟಲಾಗಿನಲ್ಲಿಯೂ ಮರಳುಗಾಳಿ ಇರಲಿಲ್ಲ, ರಸ್ತೆ ದಾಟುವ ಒಂಟೆಯೂ ಇರಲಿಲ್ಲ.

ಅಕೌಂಟೆಂಟರು ಇಂಗ್ಲೆಂಡಿನ ಕಡೆ. ಕ್ಯಾರವಾನ್ ಇಂಗ್ಲೆಂಡಿನದು, ಕೊಂಡಿಯೂ ಅದೇ ಮನೆತನದ್ದಾದರೆ ಹೊಂದಿಕೊಂಡು ಹೋಗುತ್ತದೆ ಎಂದು ಅವರ ವಾದ. ನಾನು ಅಮೆರಿಕದ ಕಡೆ. ಉಜ್ಜುವ ವಸ್ತು ಈ ಸೆಕೆಯಲ್ಲಿ ಉಜ್ಜಿ ಉಜ್ಜಿ ಸವೆದು ಹೋಗುತ್ತದೆ ಎಂದು ನನ್ನ ಅನುಮಾನ. ಪಂಪಿನ ಕಂಪನಿಯಲ್ಲಿದ್ದವನಿಗೆ ಸವೆಯುವ ವಾಷರುಗಳ ಬಗ್ಗೆ ಸ್ವಲ್ಪ ಅನುಭವ ಇರುತ್ತದೆ. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಸಂಜೆ ಕಾರಿಡಾರಿನಲ್ಲಿ ಕುರ್ಚಿ ಹಾಕಿ ಕ್ಯಾಟಲಾಗು ತೆರೆದರೆ ಊಟಕ್ಕೆ ಕರೆಯುವವರೆಗೂ ಅದೇ ಮಾತು. ಇಬ್ಬರೂ ಆ ಹಿಚ್ಚುಗಳನ್ನು ಕಣ್ಣಿಂದ ಕಂಡವರಲ್ಲ, ಆದ್ದರಿಂದ ವಾದಕ್ಕೆ ಅಡ್ಡಿ ಬರುವಂಥದ್ದು ಏನೂ ಇರಲಿಲ್ಲ. ಹುಡುಗಿಗೆ ಸಂಬಂಧ ನೋಡುವಾಗಲೂ ನಮ್ಮವರು ಇಷ್ಟು ವಿಚಾರಿಸುವುದಿಲ್ಲ ಎಂದು ಟೀಚರು ಒಮ್ಮೆ ಬಾಗಿಲಿಂದ ಹೇಳಿ ಹೋದರು.

ಜನವರಿಯಲ್ಲಿ ಯುದ್ಧ ನಿಜವಾಗಿಯೂ ಶುರುವಾಯಿತು. ಟೀವಿಯಲ್ಲಿ ಹಸಿರು ಕತ್ತಲೆ, ಅದರೊಳಗೆ ಚುಕ್ಕಿ ಚುಕ್ಕಿ ಬೆಂಕಿ. ಮಸ್ಕತ್ತು ಅಲ್ಲಿಂದ ಬಹಳ ದೂರ, ನಮ್ಮ ಆಫೀಸು ದಿನವೂ ನಡೆಯುತ್ತಿತ್ತು, ಪಂಪುಗಳೂ ಮಾರಾಟವಾಗುತ್ತಿದ್ದವು. ಆದರೂ ಕಟ್ಟಡದವರ ಕಣ್ಣಿಗೆ ಕೋಳಿಗೂಡು ಇದ್ದಕ್ಕಿದ್ದಂತೆ ಬೇರೆಯಾಗಿ ಕಾಣತೊಡಗಿತು. ಕುಂದಾಪುರದವರೇ ಮೊದಲು ಬಾಳೆಹಣ್ಣಿನ ಹಲ್ವ ಹಿಡಿದು ಬಂದರು. ಅದೂ ಇದೂ ಮಾತಾಡಿ, ಏಳುವಾಗ, ವಿಸಿಟ್ ವೀಸಾದಲ್ಲಿ ಬಂದಿರುವ ತಮ್ಮ ಅತ್ತೆಯವರು ತೆಳ್ಳಗಿದ್ದಾರೆ, ಹೆಚ್ಚು ಜಾಗ ಬೇಡ ಎಂದರು. ಅಕೌಂಟೆಂಟರಿಗೆ ಇಲ್ಲ ಎನ್ನಲು ಬಾರದು. ಒಂದೊಂದೇ ಮನೆಯವರಿಗೆ ಒಪ್ಪಿಕೊಳ್ಳುತ್ತಾ ಹೋಗಿ, ಕೊನೆಗೆ ಇಡೀ ಕಟ್ಟಡಕ್ಕೆ ಆ ಎರಡು ಮಂಚದ ಮೇಲೆ ಜಾಗ ಕೊಟ್ಟಿದ್ದರು.

ನನ್ನ ಹೆಂಡತಿ ಆಗ ಒಂದು ಪ್ರಶ್ನೆ ಕೇಳಿದಳು. ಅಷ್ಟು ತಿಂಗಳಲ್ಲಿ ನಮಗಿಬ್ಬರಿಗೂ ಹೊಳೆಯದ ಪ್ರಶ್ನೆ ಅದು.

"ಹೋಗುವುದು ಎಲ್ಲಿಗೆ?"

ಟೀಚರ ಮಕ್ಕಳ ಅಟ್ಲಾಸು ಬಂತು. ಅಕೌಂಟೆಂಟರು ಬೆರಳಿಟ್ಟರು. ಬಡಗಲಿಗೆ ಹೋದರೆ ಕೊನೆಗೆ ಖಸಬ್, ಅಂದರೆ ನೇರವಾಗಿ ಯುದ್ಧದ ಹಡಗುಗಳು ತಿರುಗುವ ಕಡಲಿನ ಬಾಯಿಗೆ. ಮೂಡಲು ಪೂರ್ತಿ ಸಮುದ್ರ. ಪಡುವಣಕ್ಕೆ ಮರಳು, ಅದು ಮುಗಿದರೆ ಇನ್ನೊಂದು ಮರಳು. ಅವರ ಬೆರಳು ತೆಂಕಲಾಗಿ ಇಳಿದು, ದಡದಲ್ಲಿ ಸಣ್ಣ ಅಕ್ಷರದಲ್ಲಿದ್ದ ದುಕ್ಮ್ ಎಂಬ ಹೆಸರಿನ ಮೇಲೆ ನಿಂತಿತು. ಈಗ ಬಂದರು, ರಿಫೈನರಿ ಎಲ್ಲ ಇರುವ ಜಾಗ. ಆಗ ಒಂದಿಷ್ಟು ದೋಣಿ ಬಿಟ್ಟರೆ ಏನೂ ಇರಲಿಲ್ಲ.

"ಅಲ್ಲಿ ಎಂತ ಉಂಟು?" ಎಂದು ಅವಳು ಕೇಳಿದಳು.

"ಮೀನು ಉಂಟು ಅಕ್ಕಾ."

"ಮೀನು ಇಲ್ಲಿಯೂ ಉಂಟಲ್ಲ."

ಅಕೌಂಟೆಂಟರು ಅಟ್ಲಾಸು ಮುಚ್ಚಿದರು. ಆದರೆ ಕೊಂಡಿಯ ಮಾತು ಆಗಲೇ ದಿಕ್ಕಿನ ಹಂಗಿಲ್ಲದಷ್ಟು ಮುಂದೆ ಹೋಗಿತ್ತು. ಎಲ್ಲಿಗೆ ಹೋಗುವುದು ಎಂಬುದು ಆಮೇಲಿನ ವಿಚಾರ, ಅಲ್ಲಾಡದೆ ಹೋಗಬೇಕು ಎಂಬುದು ಮುಖ್ಯ ಎಂದು ನಾವಿಬ್ಬರೂ ಆ ಸಂಜೆ ಮೊದಲ ಸಲ ಒಮ್ಮತಕ್ಕೆ ಬಂದೆವು. ಟೀವಿಯಲ್ಲಿ ದಿನವೂ ಅಮೆರಿಕದ ಸಾಮಾನುಗಳ ಪ್ರತಾಪ ನೋಡಿ ನೋಡಿ ಅಕೌಂಟೆಂಟರು ಮೆತ್ತಗಾಗಿದ್ದರು. ಇಷ್ಟು ದೂರದಿಂದ ಇಷ್ಟು ಸರಿಯಾಗಿ ಗುರಿ ಹಿಡಿಯುವವರು ಒಂದು ಕ್ಯಾರವಾನನ್ನು ನೆಟ್ಟಗೆ ಓಡಿಸಲಾರರೇ ಎಂದು ತಾವೇ ಹೇಳಿದರು. ನನ್ನ ವಾಷರಿನ ವಾದಕ್ಕೆ ಸಿಗದ ಗೆಲುವು ಹಾಗೆ ವಿಮಾನದಲ್ಲಿ ಬಂತು. ಅಮೆರಿಕದ ಹಿಚ್ಚಿಗೆ ಸೇಟರ ಮೂಲಕ ಆರ್ಡರು ಹೋಯಿತು.

ಅದು ಬೇಗ ಬರಲಿಲ್ಲ. ಹಡಗು ತಡವಾಗಲು ಕಾರಣ ಯುದ್ಧ ಎಂದು ಅಕೌಂಟೆಂಟರ ಆಫೀಸಿನಲ್ಲೇ ತಿಳಿಯಿತು. ಯುದ್ಧದಿಂದ ಓಡಿಹೋಗಲು ತರಿಸಿದ ಸಾಮಾನು ಯುದ್ಧ ಮುಗಿಯಲಿ ಎಂದು ಎಲ್ಲೋ ಲಂಗರು ಹಾಕಿ ಕಾಯುತ್ತಿತ್ತು. ಫೆಬ್ರವರಿ ಕಳೆಯುವುದರೊಳಗೆ ಯುದ್ಧ ಮುಗಿಯಿತು. ಕುಂದಾಪುರದ ಅತ್ತೆ ವಿಮಾನದಲ್ಲಿ ಊರಿಗೆ ಹೋದರು. ಹೆಂಗಸರು ಕ್ಯಾರವಾನಿನಿಂದ ಅಕ್ಕಿ, ಎಣ್ಣೆ, ಉಪ್ಪಿನಕಾಯಿ ಒಂದೊಂದಾಗಿ ಮೇಲೆ ತಂದು ಅಡಿಗೆ ಮಾಡಿದರು. ಎಲ್ಲ ಖಾಲಿಯಾಗಿ ಅರೆಯುವ ಕಲ್ಲೂ ಅಡಿಗೆಮನೆಗೆ ವಾಪಸಾದ ಮೇಲೆ, ಗಟ್ಟಿ ಮರದ ಪೆಟ್ಟಿಗೆಯೊಂದರಲ್ಲಿ ನಮ್ಮ ಹಿಚ್ ಬಂದು ತಲುಪಿತು. ಎತ್ತಲು ನಾಲ್ಕು ಜನ ಬೇಕಾಯಿತು. ಕಾರಿಡಾರಿನಲ್ಲಿ ಬಿಚ್ಚಿದಾಗ ಗ್ರೀಸು ಮೆತ್ತಿದ ಕಪ್ಪು ಕಂಬಿಗಳು, ಸರಪಳಿಗಳು, ಮುಷ್ಟಿಯಷ್ಟು ದಪ್ಪದ ಬೋಲ್ಟುಗಳು ಕಂಡವು. ಆನೆಯ ಕಾಲಿಗೆ ಹಾಕುವುದು ಇರಬೇಕು, ಕಟ್ಟು ಬದಲಾಗಿ ಬಂದಿದೆ ಎಂದು ನನ್ನ ಹೆಂಡತಿ ಅಂದುಕೊಂಡಳಂತೆ.

ವಾದಿ ಕಬೀರಿನ ಗ್ಯಾರೇಜಿನಲ್ಲಿ ಒಬ್ಬ ಪಂಜಾಬಿ ವೆಲ್ಡರ್ ಅದನ್ನು ಕೂರಿಸಿಕೊಟ್ಟ. ಅಮೆರಿಕದ ಹಿಚ್ಚಿಗೂ ಇಂಗ್ಲೆಂಡಿನ ಕ್ಯಾರವಾನಿಗೂ ಅಳತೆ ಕೂಡದೆ ನಡುವೆ ರೂವಿಯ ಒಂದು ತಗಡಿನ ತುಂಡು ಬೆಸೆಯಬೇಕಾಯಿತು. ಕೆಲಸ ಮುಗಿಸಿ ಕೈ ಒರೆಸಿಕೊಂಡು ಖಲಾಸ್ ಎಂದ.

ಈದ್ ರಜೆಯಲ್ಲಿ ಹೆಂಗಸರನ್ನು ಒಪ್ಪಿಸಿ ಮತ್ತೆ ಸೊಹಾರಿಗೆ ಹೊರಟೆವು. ಬರ್ಕಾ ಬಂತು. ಟ್ರಕ್ಕು ಬಂತು, ದಾಟಿ ಹೋಯಿತು. ಕ್ಯಾರವಾನ್ ಮಿಸುಕಲಿಲ್ಲ. ಇನ್ನೊಂದು ಟ್ರಕ್ಕು, ಅದಕ್ಕೂ ಇಲ್ಲ. ಸುವೈಕ್ ದಾಟಿದ ಮೇಲೆ ನನ್ನ ಹೆಂಡತಿ ಕೈಚೀಲದಿಂದ ಕಿತ್ತಳೆ ತೆಗೆದು ಸುಲಿಯತೊಡಗಿದಳು. ಅಷ್ಟು ತಿಂಗಳ ವಿಚಾರ ವಿಮರ್ಶೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ನಾನು ಬಯಸಿರಲಿಲ್ಲ. ಸೊಹಾರಿನ ಕಡಲ ದಂಡೆಯಲ್ಲಿ ಎರಡು ದಿನ ಇದ್ದೆವು. ಮಕ್ಕಳು ಕ್ಯಾರವಾನಿನೊಳಗೆ ಮಲಗಿದರು, ನಾವು ಹೊರಗೆ ಚಾಪೆ ಹಾಸಿದೆವು. ಆ ಪುಟ್ಟ ಒಲೆಯ ಮುಂದೆ ನಿಂತು ಹೆಂಗಸರಿಬ್ಬರೂ ಮೀನು ಹುರಿಯುತ್ತಾ ಏನೇನೋ ನೆನೆಸಿ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ವಾಪಸು ಹೊರಡುವ ಮೊದಲು ಸೊಹಾರಿನ ಸಂತೆಯಲ್ಲಿ ಖರ್ಜೂರದ ಡಬ್ಬಗಳು, ಲಿಂಬೆಯ ಮೂಟೆ, ಒಣಮೀನು, ಎರಡು ಮಣ್ಣಿನ ಹೂಜಿ ಕೊಂಡು ಹಿಂದಿನ ಪೆಟ್ಟಿಗೆಗೆ ತುಂಬಿದೆವು. ಸಹಮ್ ಬರುವಷ್ಟರಲ್ಲಿ ಕ್ಯಾರವಾನ್ ತನ್ನ ಹಳೆಯ ಲವಲವಿಕೆಯನ್ನು ನೆನಪಿಸಿಕೊಂಡಿತು. ಮೊದಲಿನಷ್ಟು ಜೋರಲ್ಲ, ಆದರೂ ಕಿಟಕಿಗಳು ಕನ್ನಡಿಯಲ್ಲಿ ಮತ್ತೆ ಕಾಣಿಸಿಕೊಂಡವು. ರಸ್ತೆ ಬದಿಗೆ ನಿಲ್ಲಿಸಿದೆ. ಹಿಚ್ಚಿನ ಸರಪಳಿಯನ್ನು ಇನ್ನೂ ಸ್ವಲ್ಪ ಬಿಗಿ ಮಾಡಬೇಕೆಂದು ಅಕೌಂಟೆಂಟರು ಹೇಳಿದರು. ಸ್ಪಾನರು ಹಿಂದಿನ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ತೆಗೆಯಲು ಲಿಂಬೆ, ಖರ್ಜೂರ, ಹೂಜಿ ಎಲ್ಲವನ್ನೂ ಪೆಟ್ಟಿಗೆಯಿಂದ ತೆಗೆದು ಕ್ಯಾರವಾನಿನೊಳಗೇ ಮುಂದಿನ ಬಾಗಿಲ ಬಳಿ ಇಟ್ಟೆವು. ಬಿಸಿಲಿಗೆ ಕಾದ ಬೋಲ್ಟು ಒಂದು ಸುತ್ತೂ ತಿರುಗಲಿಲ್ಲ. ಒಣಮೀನಿನ ವಾಸನೆಗೆ ನೊಣಗಳು ಮುತ್ತತೊಡಗಿದವು, ಮಕ್ಕಳಿಗೆ ಹಸಿವು. ಬೋಲ್ಟಿನ ಆಸೆ ಬಿಟ್ಟು, ಸಾಮಾನನ್ನು ಮತ್ತೆ ಹಿಂದೆ ಹೊರುವ ಶಕ್ತಿಯಿಲ್ಲದೆ ಒಳಗೆ ಮುಂಭಾಗದಲ್ಲೇ ಇರಲಿ ಎಂದು ಬಿಟ್ಟು ಹೊರಟೆವು.

ಅಲ್ಲಿಂದ ರೂವಿಯವರೆಗೆ ಅದು ರೈಲಿನ ಡಬ್ಬಿಯಂತೆ ನೆಟ್ಟಗೆ ಬಂತು.

ಬಿಗಿ ಮಾಡದ ಹಿಚ್ ಹೇಗೆ ಸರಿಹೋಯಿತು ಎಂದು ಜೀಪಿನಲ್ಲಿದ್ದ ನಾಲ್ಕು ಮಂದಿ ದೊಡ್ಡವರಿಗೂ ಸುಮಾರು ಒಂದೇ ಹೊತ್ತಿಗೆ ಅರ್ಥವಾಗಿರಬೇಕು. ಟೀಚರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು, ಅವರ ಭುಜ ಮಾತ್ರ ಅಲುಗುತ್ತಿತ್ತು. ನನ್ನ ಹೆಂಡತಿ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಅಕೌಂಟೆಂಟರೇ ಮಾತು ತೆಗೆದರು.

"ಹೊಸ ಹಿಚ್ ಅಲ್ವಾ ಮಾರಾಯ್ರೆ, ಪಳಗಲಿಕ್ಕೆ ಸ್ವಲ್ಪ ಟೈಮ್ ಬೇಕು."

ಹೌದು ಎಂದೆ. ಆ ಕ್ಷಣದಲ್ಲಿ ಸ್ನೇಹಕ್ಕಿಂತ ದೊಡ್ಡ ಸತ್ಯ ನನಗೆ ಕಾಣಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾವು ಭಾರವನ್ನು ಮುಂದೆಯೇ ತುಂಬಿದೆವು. ಮುಂದೆ ಇಟ್ಟರೆ ಇಳಿಸಲು ಸುಲಭ ಎಂದು ಕಾರಣ ಕೊಟ್ಟುಕೊಂಡೆವು. ನಿಜ್ವ, ಸೂರ್, ಸವಾದಿ ಎಂದು ತಿರುಗಿದೆವು. ಊರಿನವರ ನಡುವೆ ಹಿಚ್ಚಿಗೆ ದೊಡ್ಡ ಹೆಸರು ಬಂತು. ದೋಣಿ ಎಳೆಯುವವರು, ಕುದುರೆ ಸಾಗಿಸುವ ಟ್ರೇಲರು ಎಳೆಯುವವರು ನಮ್ಮನ್ನು ಹುಡುಕಿಕೊಂಡು ಬಂದರೆ ಅಕೌಂಟೆಂಟರು ಎರಡು ಕ್ಯಾಟಲಾಗು ತೆಗೆದು ತಾಸುಗಟ್ಟಲೆ ಉಪನ್ಯಾಸ ಮಾಡಿ, ಕೊನೆಗೆ ಬಾಗಿಲ ಬಳಿ, ಏನೂ ಮುಖ್ಯವಲ್ಲ ಎಂಬ ಧ್ವನಿಯಲ್ಲಿ, ಸಾಮಾನು ಸ್ವಲ್ಪ ಮುಂದೆ ಇಡಿ ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಮಕ್ಕಳು ದೊಡ್ಡವರಾಗಿ ಅವರಿಗೆ ಕ್ಯಾರವಾನ್ ನಾಚಿಕೆಯ ವಿಷಯವಾಯಿತು. ಬರ್ಕಾದ ಒಬ್ಬ ಒಮಾನಿ, ಸೈನ್ಯದಿಂದ ನಿವೃತ್ತನಾಗಿ ಆಡು ಸಾಕುತ್ತಿದ್ದವನು, ಅದನ್ನು ಕೊಳ್ಳಲು ಬಂದ. ಅಕೌಂಟೆಂಟರು ಅವನಿಗೆ ಹಿಚ್ಚಿನ ಕಂಬಿ, ಸರಪಳಿ ಎಲ್ಲ ತೋರಿಸಿ, ಇಂಗ್ಲಿಷ್, ಹಿಂದಿ, ಅರಬ್ಬಿ ಬೆರೆಸಿ ವಿವರಿಸಿದರು. ಅವನು ಎಲ್ಲವನ್ನೂ ಬಹಳ ಗೌರವದಿಂದ ಕೇಳಿ, ಅದು ನಿಮ್ಮಲ್ಲೇ ಇರಲಿ ಎಂದ. ತನ್ನ ಪಿಕಪ್ಪಿನ ಕೊಕ್ಕೆಗೆ ಕ್ಯಾರವಾನನ್ನು ಸಿಕ್ಕಿಸಿ, ಒಂದು ದಪ್ಪ ಹಗ್ಗವನ್ನು ಎರಡು ಸುತ್ತು ಸುತ್ತಿ, ಯಲ್ಲಾ ಎಂದು ಹೊರಟ. ಬಯಲಿನ ಕೊನೆಯ ತಿರುವಿನಲ್ಲಿ ಒಂದು ಕೈ ಹೊರಗೆ ಹಾಕಿ ಬೀಸಿದ. ಹೂವಿನ ಪರದೆಗಳು ಕೂಡ ಅಲ್ಲಾಡಲಿಲ್ಲ.

ನಾವಿಬ್ಬರೂ ಧೂಳು ಅಡಗುವವರೆಗೆ ನಿಂತಿದ್ದೆವು. ನಂತರ ಅಕೌಂಟೆಂಟರು ಗಾಡಿಯಿಂದ ಬಿಚ್ಚಿಟ್ಟಿದ್ದ ಹಿಚ್ಚಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಎಲ್ಲಿಗೆ ಒಯ್ಯುವುದೆಂದು ಇಬ್ಬರೂ ಕೇಳಲಿಲ್ಲ.